ಮೇಲೇಳದ ಫೋರ್ಕು

ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹೈಡ್ರಾಲಿಕ್ ಫಿಟ್ಟರ್ ಆಗಿದ್ದ ಶಿವಯೋಗಪ್ಪನವರು ನಿವೃತ್ತರಾದ ಮೇಲೆ ನ್ಯೂ ಟೌನಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟರು. ಪಂಕ್ಚರ್ ಹಾಕುವವರು ಊರಲ್ಲಿ ಬೇಕಾದಷ್ಟಿದ್ದರು. ಗುಡ್ಡ ಹತ್ತಿಳಿಯುವ ಮೌಂಟನ್ ಬೈಕುಗಳ ಮುಂದಿನ ಚಕ್ರ ಹಿಡಿಯುವ ಎರಡು ಕಾಲಿನ ಫೋರ್ಕು ಬಿಚ್ಚುವ ಧೈರ್ಯ ಮಾತ್ರ ಇವರೊಬ್ಬರಿಗೇ ಇತ್ತು. ಆ ಫೋರ್ಕಿನ ಒಂದು ಕಾಲಿನೊಳಗೆ ಒತ್ತಿ ತುಂಬಿದ ಗಾಳಿ, ಇನ್ನೊಂದರೊಳಗೆ ಎಣ್ಣೆ. ಹೊಂಡ ಬಂದಾಗ ಗಾಳಿ ಕುಗ್ಗಿ ಪೆಟ್ಟು ತಾಳಿಕೊಳ್ಳುತ್ತದೆ. ಮತ್ತೆ ಮೇಲೇಳುವಾಗ ಪುಟಿಯದಂತೆ ಎಣ್ಣೆ ಹಿಡಿಯುತ್ತದೆ. "ನಮ್ ರೋಲಿಂಗ್ ಮಿಲ್ಲಿನ ಮೆಷಿನ್ನೇ ಮರಿ ಹಾಕಿದೆ, ಅಷ್ಟೆ" ಎಂದು ಅವರು ನಗುತ್ತಿದ್ದರು.

ಕಂಪನಿ ಹೇಳುವ ಎಣ್ಣೆ ತೀರಾ ತೆಳು. ಬೇಸಿಗೆಯಲ್ಲಿ ಹಳೆಯ ಫೋರ್ಕುಗಳಿಂದ ಸೋರುತ್ತಿತ್ತು. ಶಿವಯೋಗಪ್ಪನವರು ಅದರ ಬದಲು ಮಂದ ಎಣ್ಣೆ ತುಂಬತೊಡಗಿದರು. ಸೋರುವುದು ನಿಂತಿತು, ಅವರಿಗೆ ಹೆಸರೂ ಬಂತು.

ಶರಾವತಿಯ ಸೈಕಲ್ಲಿಗೂ ಅದೇ ಎಣ್ಣೆ. ಶಿವಮೊಗ್ಗದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಅವಳು ದಸರಾ ರಜೆಗೆ ಹಿಮಾಚಲದ ಸ್ಪಿತಿ ಕಣಿವೆಗೆ ಸೈಕಲ್ ತಗೊಂಡು ಹೋದಳು. ಮೂರು ವಾರದ ಮೇಲೆ ಅಂಗಡಿ ಮುಂದೆ ಕಾರು ನಿಂತಾಗ ಅವಳ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಕಾರು ಓಡಿಸಿಕೊಂಡು ಬಂದ ತಂದೆ ಶ್ರೀನಿವಾಸಮೂರ್ತಿಯವರು ಇಳಿಯುತ್ತಲೇ ಕೂಗಾಡಿದರು.

"ಏನ್ ರಿಪೇರಿ ಮಾಡಿದ್ರಿ ನೀವು? ಮಗಳು ಬದುಕಿ ಬಂದಿದ್ದೇ ಹೆಚ್ಚು!"

"ಅಪ್ಪಾ, ನಾನು ಹೇಳ್ತೀನಿ ಇರು," ಎಂದಳು ಶರಾವತಿ. "ಬೆಳಿಗ್ಗೆ ಆರೂವರೆ, ಮೈನಸ್ ಎಂಟು ಡಿಗ್ರಿ. ಇಳಿಜಾರಲ್ಲಿ ಸಾಲಾಗಿ ಕಲ್ಲು. ಮೊದಲನೇ ಕಲ್ಲಿಗೆ ಫೋರ್ಕ್ ಕೆಳಗೆ ಹೋಯ್ತು, ಮೇಲೆ ಬರಲೇ ಇಲ್ಲ. ಎರಡನೇದಕ್ಕೆ ಇನ್ನೂ ಕೆಳಗೆ. ನಾಲ್ಕನೇದಕ್ಕೆ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಭುಜದ ಮೂಳೆ ಮುರೀತು."

ಶಿವಯೋಗಪ್ಪನವರು ಸೈಕಲ್ ಇಳಿಸಿ, ಹ್ಯಾಂಡಲ್ ಮೇಲೆ ಎರಡೂ ಕೈಯೂರಿ ಒತ್ತಿದರು. ಫೋರ್ಕು ಮೆತ್ತಗೆ ಇಳಿದು ಮೆತ್ತಗೆ ಎದ್ದಿತು.

"ನೋಡಿ, ಬೆಣ್ಣೆ ಇದ್ದಂಗಿದೆ. ಬ್ರೇಕ್ ಜೋರಾಗಿ ಹಿಡಿದಿರ್ತೀರಿ ಮೇಡಂ."

"ಹಿಡಿದಿರಲಿಲ್ಲ. ಅಲ್ಲೂ ಮಧ್ಯಾಹ್ನ ಹೀಗೇ ಇರ್ತಿತ್ತು, ಶಿವಯೋಗಪ್ಪನವರೇ. ಬೆಳಿಗ್ಗೆ ಮಾತ್ರ ಕೈಕೊಡ್ತು."

ಶಿವಯೋಗಪ್ಪನವರು ಫೋರ್ಕನ್ನು ಇನ್ನೊಮ್ಮೆ ಒತ್ತಿ ನೋಡಿದರು. ಕುಲುಮೆಯ ಪಕ್ಕದಲ್ಲಿ ಕೆಲಸ ಮಾಡಿದವರು ಅವರು. ಎಣ್ಣೆಯನ್ನು ಜೀವಮಾನವಿಡೀ ಕಂಡದ್ದು ಬಿಸಿಯಲ್ಲೇ. ಚಳಿಯಲ್ಲಿ ಅದು ಏನಾಗುತ್ತದೆಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ.

"ಅಂಥ ಥಂಡಿ ಇಲ್ಲಿ ಎಲ್ಲಿ ಸಿಗುತ್ತೆ ಮೇಡಂ? ನೋಡೇಬಿಡೋಣ."

ಶರಾವತಿಯ ಚಿಕ್ಕಪ್ಪನ ಮಗ ಗುರುಪ್ರಸಾದ್ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ ಐಸ್‌ಕ್ರೀಂ ಏಜೆನ್ಸಿ ಇಟ್ಟಿದ್ದ. ಅವನ ಕೋಲ್ಡ್ ರೂಮಿನಲ್ಲಿ, ಡಬ್ಬಗಳ ನಡುವೆ ಸೈಕಲ್ ನಿಲ್ಲಿಸಿ, ಸ್ಪಿತಿಯ ಬೆಳಗಿನಷ್ಟು ತಣ್ಣಗಾಗುವವರೆಗೆ ಬಿಟ್ಟರು. ಆಮೇಲೆ ಬಾಗಿಲು ತೆಗೆದು ಶಿವಯೋಗಪ್ಪನವರು ಮೊದಲು ಗಾಳಿ ನೋಡಿದರು. ಅಂಗಡಿಯಲ್ಲಿ ಎಂಬತ್ತು ತೋರಿಸಿದ್ದ ಒತ್ತಡ ಎಪ್ಪತ್ತಕ್ಕಿಂತ ಕೆಳಗಿಳಿದಿತ್ತು; ಚಳಿಗೆ ಗಾಳಿ ಕುಗ್ಗಿತ್ತಷ್ಟೇ, ಎಲ್ಲೂ ಸೋರಿರಲಿಲ್ಲ. ಮೈಭಾರವೆಲ್ಲ ಹಾಕಿ ಹ್ಯಾಂಡಲ್ ಒತ್ತಿದರು. ಫೋರ್ಕು ಗೊರಗುಟ್ಟುತ್ತ ಇಳಿಯಿತು. ಕೈ ಬಿಟ್ಟರು.

ಅದು ಏಳಲಿಲ್ಲ.

ಒಂದು, ಎರಡು, ಮೂರು ಎಂದು ಶರಾವತಿ ಎಣಿಸಿದಳು. ಒಂಬತ್ತಕ್ಕೆ ಅರ್ಧ ಎದ್ದಿತ್ತು. ಎಣ್ಣೆ ಒಳಗೆ ಹರಳೆಣ್ಣೆಗಿಂತ ಗಟ್ಟಿಯಾಗಿತ್ತು.

ಶಿವಯೋಗಪ್ಪನವರು ಅಲ್ಲೇ ಒಂದು ಡಬ್ಬದ ಮೇಲೆ ಕೂತರು.

"ಇದು ನಾನು ಮಾಡಿದ್ದು ಮೇಡಂ. ಬ್ರೇಕ್ ಹಿಡಿದಿರಿ ಅಂತ ನಿಮಗೇ ಅಂದೆನಲ್ಲ…"

ಅಷ್ಟರಲ್ಲಿ ಶಿವಯೋಗಪ್ಪನವರು ದಡಕ್ಕನೆ ಎದ್ದರು.

"ಅಯ್ಯೋ, ಅಭಯ!"

ಕಾಗದನಗರದ ಅಭಯ ಹಿಂದಿನ ವಾರ ಅದೇ ಎಣ್ಣೆ ಹಾಕಿಸಿಕೊಂಡು ಮನಾಲಿಗೆ ಹೋಗಿದ್ದ. ಅವಸರದಲ್ಲಿ ಎರಡು ಸಲ ತಪ್ಪು ನಂಬರ್ ಒತ್ತಿದರು. ಮೂರನೇ ಸಲಕ್ಕೆ ಅವನು ಸಿಕ್ಕ.

"ಎಲ್ಲಿದೀಯ ಮಾರಾಯ?"

"ರೂಮಲ್ಲಿ ಅಂಕಲ್. ನಾಳೆ ಬೆಳಿಗ್ಗೆ ಘಾಟಿ ಹತ್ತಿ ಇಳಿಯೋದು."

"ಸೈಕಲ್ ಹತ್ತಬೇಡ! ರಾತ್ರಿ ಹೊರಗಡೆ ಇಟ್ಟು, ಬೆಳಿಗ್ಗೆ ಫೋರ್ಕ್ ಒತ್ತಿ ನೋಡಿ ನನಗೆ ಹೇಳು."

ಅಭಯ ನಕ್ಕು ಫೋನಿಟ್ಟ. ಬೆಳಿಗ್ಗೆ ಅವನೇ ಫೋನ್ ಮಾಡಿದಾಗ ದನಿಯಲ್ಲಿ ನಗುವಿರಲಿಲ್ಲ. "ಅಂಕಲ್, ಒತ್ತಿದ್ದು ಒತ್ತಿದಂಗೇ ಕೂತಿದೆ." ಅವನು ಬಾಡಿಗೆ ಸೈಕಲ್ ಹಿಡಿದು ಹೋದ, ಸುರಕ್ಷಿತವಾಗಿ ಬಂದ.

ಮಂದ ಎಣ್ಣೆ ತುಂಬಿಸಿಕೊಂಡ ಎಲ್ಲರಿಗೂ ಶಿವಯೋಗಪ್ಪನವರು ತಾವೇ ಫೋನ್ ಮಾಡಿ, ತಪ್ಪಾಯಿತೆಂದು ಹೇಳಿ, ಸೈಕಲ್ ತರಿಸಿಕೊಂಡು ತೆಳು ಎಣ್ಣೆ ಹಾಕಿ, ಸೋರುತ್ತಿದ್ದ ರಬ್ಬರ್ ಸೀಲುಗಳನ್ನು ಬದಲಿಸಿದರು. ಎಣ್ಣೆ ಮಂದ ಮಾಡುವ ಬದಲು ಸೀಲು ಬದಲಿಸುವ ಕೆಲಸವನ್ನು ಮೊದಲೇ ಮಾಡಬೇಕಿತ್ತು ಎಂದು ಈಗ ಹೇಳುತ್ತಾರೆ.

ಶರಾವತಿಯ ಮೂಳೆ ಕೂಡುವಷ್ಟರಲ್ಲಿ ಸಂಕ್ರಾಂತಿ ಬಂತು. ಸೈಕಲ್ ಒಯ್ಯಲು ಅವಳೊಬ್ಬಳೇ ಬಂದಳು. ಶ್ರೀನಿವಾಸಮೂರ್ತಿಯವರು ನ್ಯೂ ಟೌನಿಗೆ ಬಂದರೂ ಆ ಅಂಗಡಿಯ ಕಡೆ ತಿರುಗಿ ನೋಡುವುದಿಲ್ಲ. "ನನ್ ಮಗಳಾಗಿದ್ರೆ ನಾನೂ ನೋಡ್ತಿರಲಿಲ್ಲ," ಎನ್ನುತ್ತಾರೆ ಶಿವಯೋಗಪ್ಪನವರು.