ಡ್ರೈವರ್ ಮಾವನ ತಂಪು ಗಾಡಿ
ಬಸ್ಸಿನ ಕೆಲಸದಿಂದ ನಿವೃತ್ತರಾದ ಡ್ರೈವರ್ ಮಾವ ಅಂಗಳದಲ್ಲಿರುವ ತಮ್ಮ ಕ್ಯಾಂಪಿಂಗ್ ಟ್ರೈಲರನ್ನು, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯನ್ನು, ದಿನಾ ಮಗುವಿನಂತೆ ತೊಳೆದು ಒರೆಸುತ್ತಾರೆ, ದಾರಿಹೋಕರನ್ನೂ ಕೈಹಿಡಿದು ಒಳಗೆ ಕೂರಿಸಿ, "ಹೆಂಗಿದೆ ಸೀಟು?" ಎನ್ನುತ್ತಾರೆ. "ಆ ತಗಡಿನ ಡಬ್ಬೀಲಿ ಬೇಯೋಕೆ ನಾನು ಬರಲ್ಲ" ಎಂದು ಹೆಂಡತಿ ಪಟ್ಟು ಹಿಡಿದದ್ದೇ ತಡ, ಸ್ಪ್ಲಿಟ್ ಎಸಿ ತಂದರು. ಮೆಕ್ಯಾನಿಕ್ ಟ್ರೈಲರಿನ ಗೋಡೆಗೆ ಡ್ರಿಲ್ ಇಟ್ಟರೆ ತಮ್ಮ ಹಲ್ಲಿಗೇ ಇಟ್ಟಂತೆ ಮುಖ ಕಿವುಚಿದರು. ಎಸಿಯ ಹೊರಗಿನ ಯಂತ್ರ ಭದ್ರವಾಗಿ ಕೂತಿದೆಯೇ ಎಂದು ಇಡೀ ಟ್ರೈಲರನ್ನೇ ಹಿಡಿದು ಜಗ್ಗಾಡಿದರು. ತಂಪು ಗಾಳಿ ಬೀಸಿದ ಮೇಲೆ ಹೆಂಡತಿ ಒಳಗೆ ಬಂದು, ಶಾಲು ಹೊದ್ದು ಕೂತು, "ಊರವರನ್ನೆಲ್ಲ ತಿರುಗಾಡಿಸಿದ್ರಿ. ಈಗ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?" ಎಂದರು. ಆಯುಷ್ಯವಿಡೀ ಬೋರ್ಡಿನಲ್ಲಿ ಬರೆದ ಊರಿಗೇ ಬಸ್ಸು ಓಡಿಸಿದ್ದ ಮಾವ, "ನೀನು ಹೇಳಿದ ಕಡೆ ಕಣೇ" ಎನ್ನುತ್ತಾ ಕಾರಿನ ಕೀಲಿ ತರಲು ಮನೆಯೊಳಗೆ ಓಡಿದರು.