ಬೀಗತಿಗೆ ಬಿಟ್ಟುಕೊಟ್ಟ ಪಾಳಿ

ಬೀಗತಿ ನಿಂತಿರುವಾಗ ನೀಲಾಬಾಯಿ ಕುಳಿತದ್ದನ್ನು ಯಾರೂ ಕಂಡಿಲ್ಲ. ಮಗಳು ಐಶ್ವರ್ಯಳನ್ನು ಬಬಲೇಶ್ವರದ ಗುರುಬಾಯಿಯ ಮಗ ಸಂಗುವಿಗೆ ಕೊಟ್ಟ ದಿನದಿಂದ ಆಕೆಯ ಬೆನ್ನು ಒಂದು ಗೇಣು ಬಗ್ಗಿಹೋಗಿತ್ತು. ಬೀಗತಿ ಉಣ್ಣದೆ ತಾನು ಉಣ್ಣಳು, ಬೀಗತಿ ಏರದ ಬಸ್ಸನ್ನು ತಾನು ಏರಳು. ಹೆಣ್ಣು ಕೊಟ್ಟವರು ಹೀಗಿರಬೇಕೆಂದು ತವರೂರು ಕಳ್ಳಕವಟಗಿಯಲ್ಲಿ ಆಕೆಯ ಅವ್ವ ಕಲಿಸಿದ್ದಳು, ಅವ್ವನಿಗೆ ಅವಳ ಅವ್ವ ಕಲಿಸಿದ್ದಳು. ನಡುವೆ ಯಾವಳಾದರೂ ಒಬ್ಬಳು ಕಲಿಸುವುದನ್ನು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಇಂಥ ವಿದ್ಯೆಯನ್ನು ಯಾರೂ ಮರೆಯುವುದಿಲ್ಲ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಗಂಡ ಸದಾಶಿವ ಅಡತಿ ಅಂಗಡಿಯಲ್ಲಿ ಕಾಳು ತೂಗುತ್ತಿದ್ದ. ಆಕೆ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಇಪ್ಪತ್ತು ವರ್ಷ ಹಿಟ್ಟು ನಾದಿದ ಕೈ. ಆ ಕೈಯ ರೊಟ್ಟಿ ಕಾಗದದಷ್ಟು ತೆಳ್ಳಗಿದ್ದರೂ ಎಲ್ಲೂ ಹರಿಯುತ್ತಿರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಎದ್ದಾಗ ಬೆರಳು ಮಡಿಚಲು ಬರಲಿಲ್ಲ. ವಾರದೊಳಗೆ ಗೆಣ್ಣುಗಳು ಊದಿದವು. ಇದು ರೊಟ್ಟಿ ಬಡಿದು ಬಂದ ನೋವಲ್ಲ, ಕೀಲುವಾತ, ಮೈಯೊಳಗಿನ ರೋಗ ಎಂದು ದವಾಖಾನೆಯವರು ಗುಳಿಗೆ ಕೊಟ್ಟರು. ಬೀಗತಿ ಗುರುಬಾಯಿಗೂ ಅದೇ ರೋಗವಿತ್ತು. ಕುಂಡಲಿ ಕೂಡಿಸಿ ಮದುವೆ ಮಾಡಿದವರು ಇದನ್ನೊಂದು ಕೂಡಿಸಿ ನೋಡಿರಲಿಲ್ಲ. ತಿಂಗಳಿಗೊಮ್ಮೆ ಗುರುಬಾಯಿ ಬಬಲೇಶ್ವರದಿಂದ ಬರುತ್ತಿದ್ದಳು, ಇಬ್ಬರೂ ಕೂಡಿ ಗುಳಿಗೆಗೆ ಹೋಗುತ್ತಿದ್ದರು. ಮುಂದೆ ಬೀಗತಿ, ಹಿಂದೆ ಚೀಲ ಹಿಡಿದ ನೀಲಾಬಾಯಿ.

ಆ ಗುಳಿಗೆಯ ಪಾಳಿಯಲ್ಲೇ ಅವರಿಗೆ ಹಲ್ಲಿನ ಡಾಕ್ಟರು ಪ್ರಾಚಿ ಸಿಕ್ಕಳು. ಊರ ಹೊರಗಿನ ದಂತ ಕಾಲೇಜಿನಲ್ಲಿ ಒಂದು ಸಂಶೋಧನೆ ಶುರುವಾಗಿತ್ತು. ಕೀಲುವಾತವಿದ್ದು ವಸಡೂ ಕೆಟ್ಟಿರುವವರು ಆಕೆಗೆ ಬೇಕಿದ್ದರು. ಇಬ್ಬರು ಬೀಗತಿಯರ ಬಾಯನ್ನೂ ನೋಡಿ, ಮುಂದೆ ಕೂರಿಸಿಕೊಂಡು ತಿಳಿಸಿ ಹೇಳಿದಳು.

"ಮೈಯಾಗ ರೋಗದ ಜೋಡಿ ಹೊಡದಾಡೋ ಕಾವಲು ಇರ್ತದ್ರಿ. ಅದು ದಿಕ್ಕು ತಪ್ಪಿ, ಕಾಯೋ ನಾಯಿ ಮನಿಯವ್ರನ್ನ ಕಚ್ಚಿಧಂಗ ನಿಮ್ಮ ಕೀಲಿಗೇ ಬಾಯಿ ಹಾಕ್ಯದ. ವಸಡಿನೊಳಗಿನ ಹುಳನೂ ಅದಕ್ಕ ದಿಕ್ಕು ತಪ್ಪಸ್ತಿರಬಹುದು ಅಂತ ಈಗೀಗ ಸಂಶೋಧಕರಿಗೆ ಸಂಶಯ ಬಂದದ. ಹಂಗಿದ್ರ ವಸಡು ವಾಸಿ ಮಾಡಿದ್ರ ಕೈ ಬ್ಯಾನಿ ಇಳೀತದೇನು? ಖಾತ್ರಿ ಯಾರಿಗೂ ಗೊತ್ತಿಲ್ಲ. ಅದನ್ನ ನೋಡ್ಲಿಕ್ಕತ್ತೇವಿ."

ನೀಲಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದಂಗ ಆತಲ್ರಿ ಡಾಕ್ಟರಬಾಯಿ!"

ಪ್ರಾಚಿಯೂ ನಕ್ಕಳು. ಅರ್ಧ ಜನರಿಗೆ ವಸಡಿನ ಚಿಕಿತ್ಸೆ ಈಗಲೇ, ಉಳಿದರ್ಧಕ್ಕೆ ಆರು ತಿಂಗಳ ಮೇಲೆ. ಯಾರಿಗೆ ಯಾವುದು ಎನ್ನುವುದನ್ನು ಮುಚ್ಚಿದ ಲಕೋಟೆ ಹೇಳುತ್ತದೆ, ಡಾಕ್ಟರರಲ್ಲ. ಕೀಲಿನ ಗುಳಿಗೆ ಎಲ್ಲರಿಗೂ ಇದ್ದೇ ಇರುತ್ತದೆ. ಆರು ತಿಂಗಳ ಗುಂಪಿನವರಿಗೆ ನಡುವೆ ನೋವು ಹೆಚ್ಚಾದರೆ ಕೂಡಲೇ ಬಂದು ಹೇಳಬೇಕು, ಅವರನ್ನು ಕಾಯಿಸುವುದಿಲ್ಲ. ಇದನ್ನು ಆಕೆ ಎರಡು ಸಲ ಹೇಳಿ ಸಹಿ ಮಾಡಿಸಿಕೊಂಡಳು, ಹಲ್ಲುಗಳನ್ನೆಲ್ಲ ಎಣಿಸಿ, ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟು ಕಾಗದದಲ್ಲಿ ಗುರುತು ಹಾಕಿಕೊಂಡಳು. ಮುಂದೆ ಫಲ ಅಳೆಯುವವಳೂ ತಾನೇ ಆದ್ದರಿಂದ, ಯಾರು ಯಾವ ಗುಂಪು ಎಂದು ತನಗೆ ತಿಳಿಯಬಾರದು, ಸಿಕ್ಕ ಚೀಟಿಯ ಬಣ್ಣ ತನಗೆ ತೋರಿಸಬೇಡಿರಿ ಎಂದೂ ಹೇಳಿದಳು.

ನೀಲಾಬಾಯಿ ನಕ್ಕದ್ದು ಮೇಲುಮೇಲಿನ ನಗೆ. ಒಳಗೆ ಆಸೆ ಹುಟ್ಟಿಬಿಟ್ಟಿತ್ತು. ಐಶ್ವರ್ಯಳಿಗೆ ಆಗ ಮೂರು ತಿಂಗಳು. ಚೊಚ್ಚಲ ಬಾಣಂತನ ತವರಿನದು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಎರೆಯಬೇಕು. ಅದಕ್ಕೆ ಬೆರಳು ಮಡಿಚಬೇಕು. ಹೆರಿಗೆಗೆ ಆರು ತಿಂಗಳಿತ್ತು, ಅಷ್ಟರೊಳಗೆ ಆಕೆಗೆ ಕೈ ಬೇಕಿತ್ತು. ದೇವರ ಹತ್ತಿರ ಬೇರೇನನ್ನೂ ಆಕೆ ಕೇಳಿರಲಿಲ್ಲ.

ಲಕೋಟೆ ಕೊಡುವ ನರ್ಸ್ ಬೇರೆ ಕೋಣೆಯಲ್ಲಿದ್ದಳು. ನೀಲಾಬಾಯಿಯ ಲಕೋಟೆಯಿಂದ ಹಸಿರು ಚೀಟಿ ಬಂತು, ಅಂದರೆ ಈಗಲೇ. ಚೀಟಿಯ ಮೇಲೆ ಹೆಸರಿಲ್ಲ, ಆಕೆಯ ಕಾಗದದ ಮೂವತ್ತೇಳು ಎಂಬ ನಂಬರು ಮಾತ್ರ. ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಅವಳ ಹಿಂದೆಯೇ ಗುರುಬಾಯಿ ಹಳದಿ ಚೀಟಿ ಹಿಡಿದು ಬಂದಳು. ಮುಖ ಗಂಟಿಕ್ಕಿತ್ತು.

"ನಮಗ ಆರು ತಿಂಗಳ ಆದಮ್ಯಾಗ ಅಂತರಿ," ಎಂದಳು ಗುರುಬಾಯಿ. "ಹೆಣ್ಣಿನ ಕಡೆಯವ್ರಿಗಿ ಮೊದಲ, ಗಂಡಿನ ಕಡೆಯವ್ರಿಗಿ ಆಮ್ಯಾಗ. ಕಾಲ ಭಾಳ ಸುಧಾರಿಸೇತಿ ಬಿಡ್ರಿ."

ಅಷ್ಟೇ ಮಾತು. ಆದರೆ ಮಗಳು ಅವರ ಮನೆಯಲ್ಲಿದ್ದಾಳೆ, ಬಸುರಿ ಬೇರೆ. ಇದೊಂದು ಮಾತು ಬಬಲೇಶ್ವರ ಮುಟ್ಟುವಷ್ಟರಲ್ಲಿ ಹತ್ತಾಗುತ್ತದೆ, ಆ ಹತ್ತೂ ಐಶ್ವರ್ಯಳ ತಲೆಯ ಮೇಲೆ ಬೀಳುತ್ತವೆ. ನೀಲಾಬಾಯಿಯ ಕೈ ತಾನಾಗಿ ಮುಂದೆ ಹೋಯಿತು.

"ತಗೋರಿ ಇದನ್ನ. ಬೀಗರನ್ನ ಹಿಂದ ಬಿಟ್ಟು ನಾ ಹೆಂಗ ಮೊದಲ ಕುಂದರ್ಲಿ?"

"ಛೆ ಛೆ, ಬ್ಯಾಡ್ರಿ," ಎಂದಳು ಗುರುಬಾಯಿ.

"ಹೆಸರಿಲ್ಲ ಏನಿಲ್ಲ, ಬರೇ ನಂಬರ ಐತಿ. ಯಾರಿಗಿ ತಿಳೀತೈತ್ರಿ?"

"ಒಲ್ಲೆ ಅಂದ್ನೆಲ್ರಿ."

ನಮ್ಮ ಕಡೆ ಬೀಗರು ಹೋಳಿಗೆಯನ್ನು ಎರಡು ಸಲ ಒಲ್ಲೆನ್ನುತ್ತಾರೆ, ಮೂರನೆಯ ಸಲ ತಾಟು ಒಡ್ಡುತ್ತಾರೆ. ಗುರುಬಾಯಿ ಮೂರನೆಯ ಸಲಕ್ಕೆ ಚೀಟಿ ಒಡ್ಡಿದಳು. ಹಸಿರು ಆ ಕೈಗೆ ಹೋಯಿತು, ಹಳದಿ ಈ ಕೈಗೆ ಬಂತು. ಬಸ್ ಸ್ಟ್ಯಾಂಡಿಗೆ ಹೋಗುವಾಗ ಗುರುಬಾಯಿ ಬೀಗತಿಯ ಹೆಗಲ ಮೇಲೆ ಕೈ ಇಟ್ಟು ನಡೆದಳು. ಆ ಒಂದು ಕೈಗೆ ನೀಲಾಬಾಯಿಯ ಮನಸ್ಸು ತುಂಬಿ ಬಂತು, ಪಾಪ.

ಮೂವತ್ತೇಳನೆಯ ನಂಬರಿನ ಮೇಲೆ ಗುರುಬಾಯಿಯ ವಸಡಿನ ಚಿಕಿತ್ಸೆ ನಾಲ್ಕು ವಾರ ನಡೆಯಿತು. ಮಾಡುವ ಹುಡುಗ ಡಾಕ್ಟರರು ವಾರಕ್ಕೊಬ್ಬರು ಬದಲಾಗುತ್ತಿದ್ದರು, ನಂಬರು ಹೊಂದಿದರೆ ಅವರಿಗೆ ಸಾಕಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಆಕೆಯ ಬೆರಳಿನ ಊತ ಇಳಿಯಿತು. ಗುಳಿಗೆಯಿಂದ ಇಳಿಯಿತೋ ವಸಡಿನಿಂದಲೋ ದೇವರೇ ಬಲ್ಲ. ನೀಲಾಬಾಯಿಯ ರೋಗ ಮಾತ್ರ ಗುಳಿಗೆಗೂ ಬಗ್ಗದೆ ಏರಿತು. ಮೊದಲು ಮುಷ್ಟಿ ಕಟ್ಟಲು ಬರದಾಯಿತು, ಆಮೇಲೆ ಲಟಪಟ ಎನ್ನುತ್ತಿದ್ದ ರೊಟ್ಟಿ, ಹಿಟ್ಟು ನಾದಿ ಬಡಿಯುವ ಕೊಣಮಿಗೆಯಲ್ಲೇ ಹರಿಯತೊಡಗಿತು. ಖಾನಾವಳಿಯವರು ಎರಡು ವಾರ ತಾಳಿಕೊಂಡರು, ನಂತರ ಬೇರೆಯವಳನ್ನು ನೋಡಿಕೊಂಡರು.

"ಹೆಚ್ಚಾದ್ರ ಬಾ ಅಂದಾರಲ್ಲ, ಹೋಗಬಾರದೇನ?" ಎಂದು ಸದಾಶಿವ ದಿನಕ್ಕೆರಡು ಸಲ ಕೇಳುತ್ತಿದ್ದ.

"ಹೋದ್ರ ಬಾಯಿ ತಗಿ ಅಂತಾರ. ಚೀಟಿ ಅದಲ್‌ಬದಲ ಆಗಿದ್ದು ಹೊರಗ ಬೀಳತೈತಿ. ಬೀಗರ ಮಾನ ಹೋಗತೈತಿ," ಎನ್ನುತ್ತಿದ್ದಳು. ಗುಳಿಗೆಯ ಪಾಳಿಯಲ್ಲೂ ಕೈಯನ್ನು ಸೆರಗಿನೊಳಗಿಟ್ಟುಕೊಂಡು ಗುಳಿಗೆಯಷ್ಟೇ ತರುತ್ತಿದ್ದಳು.

ಬೀಗರ ಮಾನ! ತನ್ನ ಕೈ ಹೋಗುತ್ತಿದೆ, ಇವಳಿಗೆ ಬೀಗರ ಮಾನದ ಚಿಂತೆ. ಸದಾಶಿವನಾದರೂ ರಟ್ಟೆ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಅವನೂ ಹೆಣ್ಣು ಕೊಟ್ಟವನೇ, ಸುಮ್ಮನಾದ.

ಬಸುರಿನ ಏಳನೆಯ ತಿಂಗಳಿಗೆ ಬಬಲೇಶ್ವರದಲ್ಲಿ ಐಶ್ವರ್ಯಳ ಕುಬಸ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತ ಮಗಳನ್ನು ನೋಡಿ ನೀಲಾಬಾಯಿಯ ಕಣ್ಣು ತಂಪಾದವು. ಮೊದಲ ಉಡಿ ಹೆತ್ತವ್ವ ತುಂಬಬೇಕು. ಆಕೆ ಅಕ್ಕಿಗೆ ಕೈ ಹಾಕಿದಳು. ಬೆರಳು ಕೂಡಲಿಲ್ಲ. ಅಕ್ಕಿ ಸಂದಿಯಿಂದ ಸೋರಿ ಚಾಪೆಯ ಮೇಲೆಲ್ಲ ಚೆಲ್ಲಿತು. ಎರಡೂ ಅಂಗೈ ಒತ್ತಿ ತೆಂಗಿನಕಾಯಿ ಎತ್ತಿದಳು. ಅದು ಜಾರಿ ಮಗಳ ಮೊಣಕಾಲಿಗೆ ಬಡಿಯಿತು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಆಗ ಗುರುಬಾಯಿ ಎದ್ದು ಬಂದು, ಬೊಗಸೆ ತುಂಬ ಅಕ್ಕಿ ಹಿಡಿದು, ಸೊಸೆಯ ಉಡಿಯನ್ನು ತಾನೇ ತುಂಬಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಊಟವಾದ ಮೇಲೆ ಆಕೆ ನೀಲಾಬಾಯಿಯನ್ನು ಒಳಗೆ ಕರೆದಳು. ಐಶ್ವರ್ಯಳೂ ಅಲ್ಲೇ ಇದ್ದಳು.

"ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ," ಎಂದಳು ಗುರುಬಾಯಿ. "ಸಿಟ್ಟ ಆಗಬ್ಯಾಡ್ರಿ. ಹಸಗೂಸು. ನಿಮ್ಮ ಕೈಯಾಗ ಕಾಯಿ ನಿಂದರವಲ್ದು."

ನೀಲಾಬಾಯಿ ಮಗಳ ಕಡೆ ನೋಡಿದಳು. ನಾನು ಅವ್ವನ ಹತ್ತಿರವೇ ಹೋಗುತ್ತೇನೆ ಎಂದು ಹುಡುಗಿ ಒಂದು ಮಾತು ಅಂದಿದ್ದರೆ, ಮೊಣಕೈಯಲ್ಲಾದರೂ ಬಾಣಂತನ ಮಾಡುತ್ತಿದ್ದಳು. ಐಶ್ವರ್ಯ ಬಳೆ ಎಣಿಸುತ್ತ ಕೂತಿದ್ದಳು.

ಚೀಟಿ ಸಿಕ್ಕು ಆರು ತಿಂಗಳು ತುಂಬಿದಾಗ ದಂತ ಕಾಲೇಜಿನಿಂದ ಕರೆ ಬಂತು. ಮೊದಲು ಗುರುಬಾಯಿ ಒಳಗೆ ಹೋದಳು. ಪ್ರಾಚಿ ನಂಬರು ಕೇಳಿ, ಮೂವತ್ತೇಳನೆಯ ಕಾಗದ ತೆಗೆದು, ಬಾಯಲ್ಲಿ ಕನ್ನಡಿ ಇಟ್ಟು ಹಲ್ಲು ಎಣಿಸತೊಡಗಿದವಳು ಗಕ್ಕನೆ ನಿಂತಳು. ಮತ್ತೆ ಮೊದಲಿಂದ ಎಣಿಸಿದಳು. ಕೆಳಗಿನ ಬಲ ದವಡೆಯ ದೊಡ್ಡ ಹಲ್ಲು ಇಲ್ಲ ಎಂದು ಆರು ತಿಂಗಳ ಹಿಂದೆ ಅವಳೇ ಬರೆದಿದ್ದಳು. ಈಗ ಆ ಹಲ್ಲು ಬೇರು ಬಿಟ್ಟು ಗಟ್ಟಿಯಾಗಿ ಕೂತಿತ್ತು.

"ಅವ್ವಾ, ಐವತ್ತರ ಮ್ಯಾಲೆ ಕಿತ್ತ ಹಲ್ಲು ಮತ್ತ ಬರೂದಿಲ್ಲ. ಈ ನಂಬರು ಯಾರದು?"

ಗುರುಬಾಯಿ ಬಾಗಿಲ ಕಡೆ ಬೆರಳು ಮಾಡಿದಳು. "ಅವರದ್ರಿ. ಅವ್ರ ಕೊಟ್ರು. ನಾ ಏನ ಕೇಳಿದ್ದಿಲ್ಲ."

ಪ್ರಾಚಿ ನೀಲಾಬಾಯಿಯನ್ನು ಒಳಗೆ ಕರೆದು ಕೂರಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತೇನೋ. ಆ ಕೈಗಳನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಬೆರಳೆಲ್ಲ ಕಿರುಬೆರಳಿನ ಕಡೆಗೆ ವಾಲಿ ನಿಂತಿದ್ದವು.

"ಹೆಚ್ಚಾದಾಗ ಯಾಕ ಬರಲಿಲ್ಲವ್ವಾ? ನಾ ಹೇಳಿದ್ನೆಲ್ಲ."

ನೀಲಾಬಾಯಿಗೆ ಬೇರೊಂದು ಕೇಳುವುದಿತ್ತು, ಅದನ್ನು ಕೇಳಿದಳು.

"ಅವತ್ತ ನನ್ನ ಪಾಳಿ ನಾನ ಇಟ್ಕೊಂಡಿದ್ರ, ಈ ಕೈ ಉಳೀತಿದ್ದೂವೇನ್ರಿ?"

"ಗೊತ್ತಿಲ್ಲ," ಎಂದಳು ಪ್ರಾಚಿ. "ಖರೇ ಹೇಳ್ತೀನಿ, ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಿಕ್ಕೇ ಇಷ್ಟೆಲ್ಲಾ ಮಾಡ್ಲಿಕ್ಕತ್ತಿದ್ವಿ. ಈಗ ನಿಮ್ಮಿಬ್ಬರದೂ ಲೆಕ್ಕದಾಗ ಹಿಡೀಲಿಕ್ಕೆ ಬರೂದಿಲ್ಲ."

ವಸಡಿನ ಚಿಕಿತ್ಸೆಯನ್ನು ಅಂದೇ ಶುರುಮಾಡಿದರು, ಕೀಲಿನ ಡಾಕ್ಟರರು ಗುಳಿಗೆ ಬದಲಿಸಿದರು. ಇನ್ನು ಹೆಚ್ಚಾಗದಂತೆ ತಡೆಯಬಹುದು, ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ ಎಂದರು. ಉಳಿಯುತ್ತಿತ್ತು ಎಂದಿದ್ದರೆ ಆಕೆ ತನ್ನನ್ನು ಬಯ್ದುಕೊಳ್ಳುತ್ತಿದ್ದಳು, ಉಳಿಯುತ್ತಿರಲಿಲ್ಲ ಎಂದಿದ್ದರೆ ಹಣೆಬರಹವನ್ನು ಬಯ್ಯುತ್ತಿದ್ದಳು. ಗೊತ್ತಿಲ್ಲ ಎಂಬ ಮಾತನ್ನು ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ. ಅದು ಇವತ್ತಿಗೂ ಆಕೆಯ ಹೊಟ್ಟೆಯಲ್ಲಿ ಹಾಗೇ ಇದೆ.

ಅದಾಗಿ ಇಪ್ಪತ್ತು ದಿನಕ್ಕೆ ಐಶ್ವರ್ಯಳಿಗೆ ಗಂಡು ಹುಟ್ಟಿತು. ಐದನೆಯ ದಿನ ನೀಲಾಬಾಯಿ ಬಬಲೇಶ್ವರಕ್ಕೆ ಹೋದಾಗ ಗುರುಬಾಯಿ ಬಚ್ಚಲಲ್ಲಿ ಕಾಲು ನೀಡಿ ಕೂಸಿಗೆ ಎರೆಯುತ್ತಿದ್ದಳು. ಆಕೆಯ ಬೆರಳುಗಳು ಕೂಸಿನ ಬೆನ್ನ ಮೇಲೆ, ಕಂಕುಳಲ್ಲಿ, ಕಿವಿಯ ಹಿಂದೆ ಸರಸರ ಓಡಾಡುತ್ತಿದ್ದವು. ನೀಲಾಬಾಯಿ ಬಾಗಿಲಲ್ಲಿ ನಿಂತು ಕೂಸನ್ನು ಬಿಟ್ಟು ಆ ಬೆರಳುಗಳನ್ನೇ ನೋಡಿದಳು. ಹೊಟ್ಟೆ ಉರಿಯಿತು. ಆ ಉರಿಗೆ ತನಗೇ ನಾಚಿಕೆಯಾಯಿತು.

ಕೂಸಿಗೆ ಲೋಬಾನದ ಹೊಗೆ ಹಾಕಿ, ಸುತ್ತಿ, ಒಳಗೆ ತಂದಮೇಲೆ ಆಕೆ ಕೇಳಿದಳು.

"ಒಂದೀಟ ನನ್ನ ಕಡೆ ಕೊಡ್ರಿ."

ಗುರುಬಾಯಿ ಸೊಸೆಯ ಮುಖ ನೋಡಿದಳು. "ಗ್ವಾಡಿಗಿ ಆನಕೊಂಡ ಕುಂದರ್ರಿ, ಜ್ವಾಕಿ," ಎಂದು ಕೂಸನ್ನು ತಂದು ಮಡಿಲಲ್ಲಿ ಇಟ್ಟಳು.

ನೀಲಾಬಾಯಿ ಬೆರಳಿನ ಆಸೆ ಬಿಟ್ಟು ಎರಡೂ ಮೊಣಕೈಗಳಿಂದ ಬಿಗಿಯಾಗಿ ಅವಚಿಕೊಂಡಳು. ಕೂಸು ಬೆಚ್ಚಗಿತ್ತು, ಅಲುಗಾಡದೆ ಮಲಗಿತ್ತು. ಬೀಳುವಂತಿರಲಿಲ್ಲ. ಮೊಮ್ಮಗನ ಹಣೆಗೆ ಮೂಗು ಹಚ್ಚಲು ಬಗ್ಗಿದಾಗ ತನ್ನ ಮೊಣಕೈಯ ಕೆಳಗೆ ಏನೋ ತಾಗಿದಂತಾಯಿತು. ನೋಡಿದಳು. ಐಶ್ವರ್ಯ ಹಸಿಮೈಯಲ್ಲೇ ಹಾಸಿಗೆಯಿಂದ ಸರಿದು ಬಂದು, ಕೂಸಿನ ಅಡಿಗೆ ತನ್ನ ಎರಡೂ ಕೈ ಒಡ್ಡಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಳು.