ಮೀನು ತಿರುಗುವಷ್ಟು ಜಾಗ

ಕಾನಸೂರಿನ ನಮ್ಮ ಮನೆಗೆ ಮೀನು ಬಂದಿದೆ ಎಂದು ಗೊತ್ತಾದಾಗ ನೆಂಟರು ಮೊದಲು ಮಾಡಿದ ಕೆಲಸ, ಬಾಗಿಲಲ್ಲೇ ನಿಂತು ಮೂಸಿ ನೋಡಿದ್ದು. ಮೀನು ತಿನ್ನದ ಮನೆ ನಮ್ಮದು. ತಂದವನು ನಾನು. ಶಿರಸಿ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ, ಹೆಬ್ಬೆರಳಿನಷ್ಟುದ್ದದ, ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಆಸ್ಕರ್ ಮೀನು. ನನ್ನ ಹುಮ್ಮಸ್ಸು ಬೇಗ ಇಳಿಯಿತು, ಮೀನು ಆಯಿಯ ಪಾಲಾಯಿತು. ಬೆಳಿಗ್ಗೆ ಎದ್ದವಳೇ ಅದರ ಎದುರು ನಿಂತು, "ಎದ್ಯನ ಮಗಾ? ಹಶ್ವಾತನ?" ಎಂದು ರಾಗ ಎಳೆಯುತ್ತಾಳೆ. ಹೆತ್ತ ಮಗನಾದ ನನಗೆ ಸಿಗುವ ಸುಪ್ರಭಾತ ಬೇರೆ: "ಬಿಸ್ಲು ಬೆನ್ನಿಗೆ ಬಂತು, ಏಳಾ ಮಾರಾಯಾ!"

ಆಯಿ ತೋಟದಿಂದ ಎರೆಹುಳು ಆರಿಸಿ ತಂದು ಹಾಕುತ್ತಾಳೆ. ಆದರೆ ಬಾಯಲ್ಲಿ ಎರೆಹುಳು ಅನ್ನುವುದಿಲ್ಲ, "ಅದ್ರ ಊಟ" ಅನ್ನುತ್ತಾಳೆ. ಮಡಿ ಕೆಡಬಾರದಲ್ಲ!

ಉಂಡುಂಡು ಮೀನು ಒಂದಡಿ ಬೆಳೆಯಿತು. ಅದರ ಗಾಜಿನ ಪೆಟ್ಟಿಗೆಯೋ ಎರಡಡಿ ಉದ್ದ, ಅಗಲವಂತೂ ಮೀನಿನ ಉದ್ದಕ್ಕಿಂತ ಕಡಿಮೆ. ತಿರುಗಬೇಕೆಂದರೆ ಇಕ್ಕಟ್ಟಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ರಿವರ್ಸ್ ತೆಗೆದುಕೊಂಡಂತೆ ಹಿಂದೆ ಮುಂದೆ ಸರಿದು, ಮೈ ಬಗ್ಗಿಸಿ ಒದ್ದಾಡುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ, "ಬರ್ಲಿ, ಬರ್ಲಿ, ಹೋಲ್ಡಾನ್!" ಎಂದು ಕೂಗುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಒಂದು ದಿನ ಆಯಿ ನಗಲಿಲ್ಲ. ಮೀನಿನ ಬಾಲದ ಅಂಚು ಗಾಜಿಗೆ ಉಜ್ಜಿ ಉಜ್ಜಿ ಹರಿದಿತ್ತು. ಊಟ ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ.

"ಹಿಂಗೇ ಆದ್ರೆ ಇದು ಉಳಿತಿಲ್ಲೆ," ಎಂದಳು. ಅಷ್ಟೇ. ಆ ದನಿಯನ್ನು ನಕಲು ಮಾಡಲು ನನಗೂ ಮನಸ್ಸಾಗಲಿಲ್ಲ.

ಐದಡಿಯ ಪೆಟ್ಟಿಗೆ ತರುವುದೆಂದು ಅಪ್ಪಯ್ಯ ತೀರ್ಮಾನಿಸಿದ. ಶಿರಸಿಯ ಅಂಗಡಿಯವನಲ್ಲಿ ಎರಡು ಬಗೆ ಇದ್ದವು, ಗಾಜಿನದು ಮತ್ತು ಅಕ್ರಿಲಿಕ್‌ನದು. ಜಗಳ ಶುರುವಾಯಿತು.

"ಗಾಜೇ ಸೈ," ಎಂದ ಅಪ್ಪಯ್ಯ. "ಅಕ್ರಿಲಿಕ್ ಅಂದ್ರೆ ಎಂತದು? ಪ್ಲಾಸ್ಟಿಕ್ಕು. ಎರಡು ಬೇಸಿಗೆಗೆ ಹಳದಿ ತಿರುಗ್ತು."

ನಾನು ಅಕ್ರಿಲಿಕ್ ಪಕ್ಷ. ಹಗುರ, ಬಿದ್ದರೂ ಒಡೆಯುವುದಿಲ್ಲ, ಗಾಜಿನ ಹಾಗೆ ಹಸಿರು ಛಾಯೆ ಇಲ್ಲ ಎಂದೆಲ್ಲ ಭಾಷಣ ಬಿಗಿದೆ. ನಿಜವಾದ ಕಾರಣ ಬೇರೆ. ಯಾರದಾದರೂ ನಕಲು ಮಾಡುವಾಗ ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಸಿಗ್ನಲ್ ಸಿಗದೆ ಫೋನಿನಲ್ಲಿ ಕೂಗಾಡುವ ವಜ್ರಳ್ಳಿಯ ಮಾವನನ್ನು ಮಾಡಿ ತೋರಿಸುವಾಗ ಗೋಡೆಯ ಕನ್ನಡಿ ಹೋಯಿತು. ಮದುವೆಮನೆಯಲ್ಲಿ ಸಾರು ಬಡಿಸುವವರನ್ನು ಮಾಡುವಾಗ ಅಪ್ಪಯ್ಯನ ಕನ್ನಡಕ ಹೋಯಿತು. ಗಾಜಿನ ಪೆಟ್ಟಿಗೆ ಬಂದರೆ ಮುಂದಿನ ಸರದಿ ಯಾವುದರದು ಎಂದು ಯಾರೂ ಹೇಳಬೇಕಿರಲಿಲ್ಲ. ಐದಡಿ ಪೆಟ್ಟಿಗೆಯ ನೀರು ಜಗುಲಿಗೆ, ಮೀನು ಚಾಪೆಗೆ, ನಾನು ಮನೆಯಿಂದ ಹೊರಗೆ.

ಅಪ್ಪಯ್ಯ ಏನೋ ಕೆಲಸವೆಂದು ಶಿರಸಿಗೆ ಹೋದ ದಿನ ನನಗೆ ಉಪಾಯ ಹೊಳೆಯಿತು. ಅಂಗಡಿಯವನು ಹಾವೇರಿ ಕಡೆಯವನು, ಅವನ ಮಾತು ನನಗೆ ಬಾಯಿಪಾಠ. ಗೆಳೆಯನ ಫೋನಿಂದ ಅಪ್ಪಯ್ಯನಿಗೆ ಹಚ್ಚಿದೆ.

"ನಮಸ್ಕಾರ್ರಿ ಯಜಮಾನ್ರ! ಮೀನಿನ ಅಂಗಡಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಮಗ ಹೇಳಿದ್ದ ಖರೇ ಐತಿ ನೋಡ್ರಿ. ಭಾಳ ಶ್ಯಾಣ್ಯಾ ಹುಡುಗ. ಅಕ್ರಿಲಿಕ್ಕೇ ಒಯ್ರಿ, ಗಾಜಿನ ಸುದ್ದಿ ಬ್ಯಾಡ್ರಿ!"

ಆ ಕಡೆ ಚಾ ಹೀರುವ ಸದ್ದು ಕೇಳಿತು. ಆಮೇಲೆ ಅಪ್ಪಯ್ಯ ತಣ್ಣಗೆ, "ಹೌದ್ರಾ? ಹಂಗಾದ್ರೆ ಒಂದ್ನಿಮಿಷ ಇರಿ, ಇಲ್ಲೇ ಒಬ್ರು ಇದ್ದಾರೆ, ಅವರ ಹತ್ರಾನೇ ಮಾತಾಡಿ," ಎಂದ.

ಫೋನು ಕೈ ಬದಲಾಯಿಸಿತು.

"ಯಾರ್ರೀ ಅದು?" ಎಂದಿತು ನನ್ನದೇ ದನಿ. ಅಲ್ಲ, ಅಂಗಡಿಯವನ ದನಿ. ಅಪ್ಪಯ್ಯ ಅವನ ಅಂಗಡಿಯಲ್ಲೇ ಕೂತು ಚಾ ಕುಡಿಯುತ್ತಿದ್ದ! "ತಮ್ಮಾ, ನಾ ಹಿಂಗ ಮೂಗಿನ್ಯಾಗ ಮಾತಾಡ್ತೀನೇನೋ?"

ಸಂಜೆ ಮನೆಗೆ ಬಂದ ಅಪ್ಪಯ್ಯ ಬೈಯಲಿಲ್ಲ. "ನಮಸ್ಕಾರ್ರಿ ಶ್ಯಾಣ್ಯಾ ಹುಡುಗ," ಎಂದ. ಅವನಿಗೂ ನಕಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಟ್ಟದಾಗಿ ಮಾಡಿದ ಅನ್ನಿ. ಅಂಗಡಿಯವನು ಅಂಗೈಯಗಲದ ಎರಡು ತುಂಡು ಕೊಟ್ಟು ಕಳಿಸಿದ್ದ, ಒಂದು ಗಾಜು, ಒಂದು ಅಕ್ರಿಲಿಕ್. ಮನೆಮಂದಿ ನೋಡಿ ಹೇಳಲಿ ಎಂದು. ನಾನು ಎರಡನ್ನೂ ದೀಪಕ್ಕೆ ಹಿಡಿದು ತೋರಿಸಿದೆ. ಅಕ್ರಿಲಿಕ್ ತುಂಡು ಎದುರಿಗೇ ಇಲ್ಲವೇನೋ ಅನ್ನುವಷ್ಟು ತಿಳಿಯಾಗಿತ್ತು. ಅಪ್ಪಯ್ಯನೂ, "ಹ್ಞೂಂ, ಚಂದಿದ್ದು," ಎಂದ. ಅರ್ಧ ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎರಡೂ ತುಂಡು ಬಚ್ಚಲ ಕಟ್ಟೆಯ ಮೇಲೆ ಒಣಗುತ್ತಿದ್ದವು. ಪೇಟೆಯಿಂದ ಬಂದ ಯಾವ ಪಾತ್ರೆಯೂ ನಮ್ಮ ಮನೆಯಲ್ಲಿ ತಿಕ್ಕಿಸಿಕೊಳ್ಳದೆ ಒಳಗೆ ಬರುವಂತಿಲ್ಲ. ಬಚ್ಚಲೊಲೆಯ ಬೂದಿ, ತೆಂಗಿನ ನಾರು, ಆಯಿಯ ತೋಳು. ಗಾಜಿನ ತುಂಡು ಫಳಫಳ ಹೊಳೆಯುತ್ತಿತ್ತು. ಮೈತುಂಬ ಗೀರು ಬಿದ್ದ ಅಕ್ರಿಲಿಕ್ ತುಂಡಿನ ಆಚೆ ಮಾತ್ರ ಶಿರಸಿಯ ಡಿಸೆಂಬರ್ ಮಂಜು ಕವಿದಿತ್ತು.

"ಎಂತಾ ಆತೇ ಇದು?" ಎಂದು ಕಿರುಚಿದೆ.

"ಎಂತಾ ಆತು? ತೊಳ್ದೆ."

"ಅಕ್ರಿಲಿಕ್ ಬೂದಿ ಹಾಕಿ ತಿಕ್ಕದಲ್ದೇ! ಮೆತ್ತನೆ ಬಟ್ಟೆಯಲ್ಲಿ ಒರೆಸಕು!"

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೂದಿಗೆ ತಡೆಯದ್ದು ನಮ್ಮನೆಗೆಂತಕ್ಕೆ? ಆನು ತೊಳೆಯೋದೇ ಹೀಂಗೆ. ವಾರವಾರ ಪಾಚಿ ತಿಕ್ಕದು ಆನು, ನೀನಲ್ಲ." ಆಮೇಲೆ ದನಿ ಇಳಿಸಿ, "ಅದು ಎನ್ನ ಮುಖ ನೋಡದೇ ಉಂಬದಿಲ್ಲೆ ತಮಾ. ಮಂಜಾದ್ರೆ ಹೆಂಗೆ ಕಾಣ್ತು ಅದ್ಕೆ?" ಎಂದಳು.

ಅಪ್ಪಯ್ಯ ಪೇಪರಿನ ಹಿಂದೆ ನಗು ಅಡಗಿಸಿದ. ಪೇಪರು ಅಲುಗುತ್ತಿತ್ತು.

ಗಾಜೇ ಬಂತು. ಟೆಂಪೋದಲ್ಲಿ, ಅಡಿಕೆ ಸಿಪ್ಪೆ ತುಂಬಿದ ಚೀಲಗಳ ಹಾಸಿಗೆಯ ಮೇಲೆ, ಕಂಬಳಿ ಹೊದ್ದು, ಮದುಮಗಳ ಹಾಗೆ ಬಂತು. ಇಳಿಸುವಾಗ ಅಕ್ಕಪಕ್ಕದವರೆಲ್ಲ ಕೈಕೊಟ್ಟರು, ನನ್ನೊಬ್ಬನನ್ನು ಬಿಟ್ಟು. "ನೀ ಅಂಗಳದ ತುದಿಯಲ್ಲಿ ನಿಂತ್ಕ. ಬಾಯಿ, ಕೈ ಎರಡೂ ಮುಚ್ಕ," ಎಂಬುದು ಅಪ್ಪಯ್ಯನ ಅಪ್ಪಣೆ.

ನೀರು ತುಂಬಿ, ಹದಕ್ಕೆ ಬಂದ ಮೇಲೆ ಮೀನನ್ನು ಬಿಟ್ಟರು. ಅದು ಸೀದಾ ತಳಕ್ಕೆ ಹೋಗಿ ಮಗ್ಗುಲಾಗಿ ಮಲಗಿತು. ಮನೆ ಬದಲಾಯಿಸಿದರೆ ಆಸ್ಕರ್ ಹೀಗೆ ಮುನಿಸಿಕೊಳ್ಳುತ್ತದೆಂದು ಅಂಗಡಿಯವನು ಹೇಳಿದ್ದ. ಆದರೂ ಆಯಿ ನೋಡಲಾಗದೆ ಅಡುಗೆಮನೆಗೆ ಹೋಗಿಬಿಟ್ಟಳು. ಮಧ್ಯಾಹ್ನವಾದರೂ ಮೀನು ಏಳಲಿಲ್ಲ. ನನ್ನ ವಿದ್ಯೆ ಇನ್ನಾವಾಗ ಉಪಯೋಗಕ್ಕೆ ಬರಬೇಕು? ಗಾಜಿನ ಹತ್ತಿರ ಬಗ್ಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಆಯಿಯ ದನಿಯನ್ನು ಒಂದೆಳೆಯೂ ತಪ್ಪದಂತೆ ತೆಗೆದೆ: "ಎದ್ಯನ ಮಗಾ? ಹಶ್ವಾತನ?"

ಅಂಗಳದಲ್ಲಿದ್ದ ಅಪ್ಪಯ್ಯ, "ಯಾರಿಗೇ ಹೇಳ್ತಿದ್ದೆ?" ಎಂದು ಆಯಿಯನ್ನು ಕೇಳಿದ. ಅವನು ಮೋಸ ಹೋದ. ಮೀನು ಹೋಗಲಿಲ್ಲ. ಒಂದು ಕಣ್ಣು ಹೊರಳಿಸಿ ನನ್ನನ್ನು ನೋಡಿ, ಮತ್ತೆ ಸತ್ತಂತೆ ಮಲಗಿತು.

ಆಯಿ ಸೆರಗಿಗೆ ಕೈ ಒರೆಸುತ್ತ ಬಂದು ಗಾಜಿನೆದುರು ನಿಂತಳು. ಮಾತೇ ಆಡಲಿಲ್ಲ. ಮೀನು ಮೆಲ್ಲಗೆ ಎದ್ದಿತು. ಅವಳ ಮುಖದವರೆಗೆ ಬಂದು, ಹರಿದ ಬಾಲವನ್ನು ಎಲ್ಲಿಗೂ ತಾಗಿಸದೆ, ರಿವರ್ಸ್ ಇಲ್ಲದೆ, ಒಂದೇ ಸಲಕ್ಕೆ ಪೂರ್ತಿ ಒಂದು ಸುತ್ತು ತಿರುಗಿತು.

"ಹೋಲ್ಡಾನ್," ಎಂದಳು ಆಯಿ. ನನ್ನದೇ ದನಿಯಲ್ಲಿ.